ಸುಗ್ಗಿ ಮುಗಿದ ಹೊಲದಲ್ಲಿ ಗಾಡಿ ಓಟ

ಪೈರು ಕೊಯ್ದು, ರಾಶಿ ಮಾಡಿ, ಕಣಕಿಯನ್ನು ಬಣವೆಗೆ ಒಯ್ದ ಮೇಲೆ ಬಯಲಾದ ಹೊಲದಲ್ಲಿ ಪಂದ್ಯಕ್ಕಾಗಿಯೋ ಮೋಜಿಗಾಗಿಯೋ ವಾಹನ ಓಡಿಸುವ ರೂಢಿಯಿದೆ. ಧಾರವಾಡ ಜಿಲ್ಲೆಯ ಎರೆ ಸೀಮೆಯಲ್ಲಿ, ಅಂದರೆ ಕುಂದಗೋಳ, ನವಲಗುಂದ, ಅಣ್ಣಿಗೇರಿ ತಾಲ್ಲೂಕುಗಳಲ್ಲಿ ಮತ್ತು ಹುಬ್ಬಳ್ಳಿ ಸುತ್ತಿನ ಹಳ್ಳಿಗಳಲ್ಲಿ ಇದರ ಮುಖ್ಯ ರೂಪ ಖಾಲಿ ಗಾಡಾ ಓಟ, ಅಂದರೆ ಹೇರಿಲ್ಲದ ಜೋಡೆತ್ತಿನ ಗಾಡಿಯ ಓಟ. ಅದರ ಪಕ್ಕದಲ್ಲೇ ಟ್ರ್ಯಾಕ್ಟರ್ ಪಂದ್ಯಗಳು ಬೆಳೆದಿವೆ, ಮೋಟರ್ ಸೈಕಲ್ಲು ಹೊಲಕ್ಕಿಳಿದಿದೆ. ದಪ್ಪ ಗಾಲಿಯ, ಯಾವ ನೆಲದಲ್ಲೂ ಓಡಬಲ್ಲ ಎಟಿವಿ ಎಂಬ ನಾಲ್ಕು ಚಕ್ರದ ಸವಾರಿ ವಾಹನ ಕರ್ನಾಟಕದಲ್ಲಿ ಇನ್ನೂ ಹೆಚ್ಚಾಗಿ ರೆಸಾರ್ಟುಗಳ ಮತ್ತು ಸಾಹಸ ಕ್ರೀಡೆಯ ತಾಣಗಳ ಆಸ್ತಿ. ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರಿನ ಹೊಲಕ್ಕೆ ಅದು ಹೊಸಬ. ಆದರೆ ಕೂಳೆ ನಿಂತ ಹೊಲದಲ್ಲಿ ವೇಗದ ಆಸೆ ಈ ಸೀಮೆಗೆ ಹೊಸದಲ್ಲ. ಎತ್ತು ಎಳೆದರೂ ಎಂಜಿನ್ ಎಳೆದರೂ ಇಲ್ಲಿ ಗಾಡಿ ಯಾವಾಗ ಓಡಬೇಕು, ಯಾವಾಗ ಓಡಬಾರದು ಎಂಬುದನ್ನು ತೀರ್ಮಾನಿಸುವುದು ಮಣ್ಣಿನೊಳಗಿನ ತೇವ. ಈ ವಿಷಯವನ್ನು ಅಲ್ಲಿಂದಲೇ ಆರಂಭಿಸಬೇಕು.

ಎರೆ ನೆಲದ ಸ್ವಭಾವ

ಜಿಲ್ಲೆಯ ಪೂರ್ವಭಾಗದ ಬಯಲು ಕಪ್ಪು ಎರೆ ಮಣ್ಣಿನದು. ಪಶ್ಚಿಮದ ಕಲಘಟಗಿ ಕಡೆ ಹೋದಂತೆ ಮಳೆ ಹೆಚ್ಚಿ, ಮಸಾರಿ ನೆಲ ಕಾಣಿಸಿಕೊಂಡು, ಭತ್ತದ ಗದ್ದೆಗಳು ಶುರುವಾಗುತ್ತವೆ. ಎರೆ ಮಣ್ಣನ್ನು ವಿಜ್ಞಾನಿಗಳು ವರ್ಟಿಸಾಲ್ ವರ್ಗಕ್ಕೆ ಸೇರಿಸುತ್ತಾರೆ. ಅದರಲ್ಲಿ ಜೇಡಿಯ ಪಾಲು ಬಹಳ ಹೆಚ್ಚು, ಎಷ್ಟೋ ಕಡೆ ಅರ್ಧಕ್ಕೂ ಮೀರಿ. ಆ ಜೇಡಿಯಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡದ ಇದೇ ಮಣ್ಣು ಏಪ್ರಿಲ್ ಹೊತ್ತಿಗೆ ಕೈ ತೂರುವಷ್ಟು ಬಿರುಕು ಬಿಟ್ಟು ನಿಂತಿರುತ್ತದೆ.

ವಾಹನಕ್ಕೆ ಇದರ ಪರಿಣಾಮ ನೇರ. ಒದ್ದೆ ಎರೆಯಲ್ಲಿ ಟಯರಿನ ಗೀರುಗಳ ನಡುವೆ ಮಣ್ಣು ತುಂಬಿ ಗಾಲಿ ನುಣುಪಾಗುತ್ತದೆ. ಆಮೇಲೆ ಎಷ್ಟು ಎಕ್ಸಿಲರೇಟರ್ ಕೊಟ್ಟರೂ ಅದು ನಿಂತಲ್ಲೇ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಪೂರಾ ಒಣಗಿದ ಎರೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ, ಧೂಳು ವಿಪರೀತ, ಬಿರುಕುಗಳ ಭಯ ಬೇರೆ. ಇವೆರಡರ ನಡುವಿನ ಹದವೇ ಹೊಲಕ್ಕೆ ಹೆಚ್ಚು ಕೆಡುಕು. ಮೇಲ್ಮೈ ಒಣಗಿ ಗಟ್ಟಿಯಾಗಿ ಕಾಣುತ್ತದೆ, ಗೇಣು ಆಳದಲ್ಲಿ ಇನ್ನೂ ತೇವ ಇರುತ್ತದೆ. ಗಾಡಿಗೆ ಏನೂ ಆಗುವುದಿಲ್ಲ, ಸರಾಗವಾಗಿ ಓಡುತ್ತದೆ. ಆದರೆ ಒಳಗಿನ ಮೆತ್ತನೆ ಜೇಡಿಯ ಸಂದುಗಳು ಮುಚ್ಚಿ ನೆಲ ಬಿಗಿಯುತ್ತದೆ. ಮುಂದಿನ ಬೆಳೆಯ ಬೇರು ಅಲ್ಲಿ ಇಳಿಯದೆ ಅಡ್ಡಕ್ಕೆ ಹರಿಯುತ್ತದೆ, ಮಳೆಯ ನೀರು ಇಂಗದೆ ನಿಲ್ಲುತ್ತದೆ.

ಇದನ್ನು ತಿಳಿಯಲು ಯಂತ್ರ ಬೇಕಿಲ್ಲ. ಮೇಲಿನ ಪುಡಿಮಣ್ಣು ಸರಿಸಿ, ಗೇಣು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಒತ್ತಬೇಕು. ಉಂಡೆ ಕಟ್ಟಿ, ಎರಡು ಅಂಗೈ ನಡುವೆ ಹೊಸೆದಾಗ ದೀಪದ ಬತ್ತಿಯಂತೆ ಉದ್ದಕ್ಕೆ ಬಂದರೆ ಆ ಹೊಲಕ್ಕೆ ಇನ್ನೂ ಭಾರ ಇಳಿಸಬಾರದು. ಹೊಸೆಯುವಾಗಲೇ ಬಿರಿದು ಉದುರಿದರೆ ಗಾಡಿ ಬಿಡಬಹುದು. ಮಣ್ಣು ಪ್ರಯೋಗಾಲಯಗಳಲ್ಲಿ ಪ್ಲಾಸ್ಟಿಕ್ ಮಿತಿ ಕಂಡುಹಿಡಿಯಲು ಮಾಡುವ ಪರೀಕ್ಷೆಯೂ ತತ್ತ್ವದಲ್ಲಿ ಇದೇ: ಗಾಜಿನ ಹಲಗೆಯ ಮೇಲೆ ಮಣ್ಣನ್ನು 3 ಮಿಲಿಮೀಟರ್ ದಪ್ಪದ ಎಳೆಯಾಗಿ ಹೊಸೆದು, ಯಾವ ತೇವದಲ್ಲಿ ಅದು ಮುರಿಯುತ್ತದೆ ಎಂದು ನೋಡುತ್ತಾರೆ.

ಹೊಲ ಬಿಡುವಾಗುವ ಕಾಲ

ಎರೆ ಸೀಮೆಯ ಹೊಲ ವರ್ಷಕ್ಕೆ ಎರಡು ಸಲ ಬಯಲಾಗುತ್ತದೆ, ಆದರೆ ಎರಡೂ ಒಂದೇ ಅಲ್ಲ. ಮುಂಗಾರಿಯಲ್ಲಿ ಬಿತ್ತಿದ ಹೆಸರು ಆಗಸ್ಟ್ ಕೊನೆಯ ಹೊತ್ತಿಗೆ ಕೈಗೆ ಬರುತ್ತದೆ. ಆಮೇಲೆ ಹಿಂಗಾರಿಯ ಜೋಳ, ಕಡಲೆ, ಕುಸುಬೆ ಬಿತ್ತುವವರೆಗೆ ಕೆಲವೇ ವಾರಗಳ ಬಿಡುವು. ಮಳೆ ಇನ್ನೂ ಹೋಗಿರುವುದಿಲ್ಲ, ನೆಲದ ತೇವವೇ ಮುಂದಿನ ಬೆಳೆಯ ಬಂಡವಾಳ. ಹಿಂಗಾರಿ ಬೆಳೆ ಬಹುಪಾಲು ನೆಲದೊಳಗೆ ಉಳಿದ ಈ ತೇವದ ಮೇಲೆಯೇ ಬೆಳೆಯುತ್ತದೆ. ಆ ವಾರಗಳಲ್ಲಿ ಹೆಸರು ಕಿತ್ತ ಹೊಲ ಖಾಲಿ ಕಂಡರೂ ಅಲ್ಲಿ ಬೈಕು ಹಾಯಿಸುವುದು ಬಿತ್ತನೆಯ ಹದವನ್ನೇ ಕೆಡಿಸಿದಂತೆ. ಊರ ಹಿರಿಯರು ಈ ವಿಷಯದಲ್ಲಿ ಮಕ್ಕಳನ್ನು ಗದರಿಸುವುದರಲ್ಲಿ ಪೂರ್ತಿ ನ್ಯಾಯವಿದೆ.

ಎರಡನೆಯ ಬಯಲು ಸಂಕ್ರಾಂತಿಯ ನಂತರದ್ದು. ಕಡಲೆ ಕೀಳುತ್ತಾರೆ, ಮೆಣಸಿನಕಾಯಿಯ ಕೊನೆಯ ಬಿಡಿ ಮುಗಿಯುತ್ತದೆ, ಜೋಳ ಮತ್ತು ಗೋಧಿ ಕೊಯ್ಲಿಗೆ ಬರುತ್ತವೆ, ಹತ್ತಿ ಕಟಗಿಯನ್ನು ಕಿತ್ತು ಒಟ್ಟುತ್ತಾರೆ. ಮಾರ್ಚಿನಿಂದ ಮುಂಗಾರಿಗೆ ಮುಂಚಿನ ಅಡ್ಡಮಳೆಯವರೆಗೆ ನೆಲ ಖಾಲಿ. ಜಾತ್ರೆಗಳು, ಯುಗಾದಿ, ಬಸವ ಜಯಂತಿ ಎಲ್ಲ ಬರುವುದು ಈ ಅವಧಿಯಲ್ಲೇ. ಗಾಡಾ ಓಟದ ಕಾಲವೂ ಇದೇ. ಮಲಪ್ರಭಾ ಬಲದಂಡೆ ಕಾಲುವೆಯ ನೀರು ಹರಿಯುವ ನವಲಗುಂದ ಕಡೆಯ ಹೊಲಗಳಲ್ಲಿ ಮಾತ್ರ ಈ ಲೆಕ್ಕ ಹೊಲದಿಂದ ಹೊಲಕ್ಕೆ ಬೇರೆಯಾಗುತ್ತದೆ. ಪಕ್ಕದ ಹೊಲ ಧೂಳೆಬ್ಬಿಸುವಾಗ ನೀರು ಹಾಯಿಸಿದ ಹೊಲ ಒಳಗೆ ಹಸಿ ಇರುತ್ತದೆ.

ಎಲ್ಲ ಕೂಳೆಯೂ ಒಂದೇ ಬಗೆಯದಲ್ಲ. ಕಡಲೆಯನ್ನು ಬೇರು ಸಮೇತ ಕೀಳುವುದರಿಂದ ಆ ಹೊಲ ಹೆಚ್ಚು ಸಮ, ಓಟಕ್ಕೆ ಒಳ್ಳೆಯದು. ಜೋಳದ ಕೂಳೆ ಓರೆಯಾಗಿ ಕತ್ತರಿಸಿ ನಿಂತಿರುತ್ತದೆ. ಒಣಗಿದ ಮೇಲೆ ಅದು ಎತ್ತಿನ ಗೊರಸಿನ ಸಂದಿಗೂ ಟ್ಯೂಬಿನ ಟಯರಿಗೂ ಚುಚ್ಚುತ್ತದೆ. ಹತ್ತಿ ಕಟಗಿಯ ಬುಡ ಇನ್ನೂ ಗಟ್ಟಿ. ಓಟಕ್ಕೆ ಹೊಲ ಆರಿಸುವವರು ಮೊದಲು ನೋಡುವುದು ಇದನ್ನೇ.

ಖಾಲಿ ಗಾಡಾ

ಖಾಲಿ ಗಾಡಾ ಓಡಿಸುವ ಸ್ಪರ್ಧೆ ಧಾರವಾಡ, ಗದಗ, ಹಾವೇರಿ ಭಾಗದ ಹಳ್ಳಿಗಳ ದೊಡ್ಡ ಆಟ. ಹೇರಿಲ್ಲದ ಗಾಡಾ, ಒಂದು ಜೋಡಿ ಎತ್ತು, ಹೊಡೆಯುವವನು. ಬಹುತೇಕ ಕಡೆ ಜೋಡಿಗಳನ್ನು ಒಟ್ಟಿಗೆ ಓಡಿಸುವುದಿಲ್ಲ. ಒಂದೊಂದೇ ಗಾಡಾ ಕಣಕ್ಕಿಳಿಯುತ್ತದೆ, ನಿಗದಿಯಾದ ಅವಧಿಯಲ್ಲಿ, ಸಾಮಾನ್ಯವಾಗಿ ಒಂದು ನಿಮಿಷದಲ್ಲಿ, ಎಷ್ಟು ದೂರ ಓಡಿತು ಎಂಬುದನ್ನು ಅಡಿ ಲೆಕ್ಕದಲ್ಲಿ ಅಳೆಯುತ್ತಾರೆ. ಹೆಚ್ಚು ದೂರ ಹೋದದ್ದು ಗೆಲ್ಲುತ್ತದೆ. ಬಹುಮಾನ ಊರಿನ ಶಕ್ತಿಗೆ ತಕ್ಕಂತೆ ಬೈಕು, ಬಂಗಾರ, ನಗದು. ಗಡಿಯಾರದ ಎದುರು ಒಬ್ಬೊಬ್ಬರೇ ಓಡುವ ಈ ಕ್ರಮ ಬಹಳ ವಿವೇಕದ್ದು ಎಂದು ಹೇಳಬೇಕು. ಎರಡು ಗಾಡಾ ಪಕ್ಕಪಕ್ಕದಲ್ಲಿ ಓಡಿದಾಗ ನೊಗಕ್ಕೆ ನೊಗ ತಾಗುವ, ಬೆದರಿದ ಎತ್ತು ಅಡ್ಡ ನುಗ್ಗುವ ಅಪಾಯ ಇದರಲ್ಲಿ ತಪ್ಪುತ್ತದೆ.

ಓಟದ ಒಂದು ನಿಮಿಷವನ್ನು ಹತ್ತಿರದಿಂದ ನೋಡಬೇಕು. ಗೆರೆಯ ಹಿಂದೆ ಇಬ್ಬರು ಎತ್ತುಗಳ ಮೂಗುದಾರ ಹಿಡಿದು ನಿಂತಿರುತ್ತಾರೆ. ಹೊಡೆಯುವವನು ಗಾಡಾದ ಮೇಲೆ ಕಾಲು ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು ನಿಲ್ಲುತ್ತಾನೆ. ಶಿಳ್ಳೆಯಾದೊಡನೆ ಮೂಗುದಾರ ಬಿಟ್ಟವರು ಪಕ್ಕಕ್ಕೆ ಹಾರುತ್ತಾರೆ. ಮೊದಲ ಹತ್ತು ಮಾರು ಎತ್ತುಗಳು ನೆಲವನ್ನು ಒದ್ದು ವೇಗ ಹಿಡಿಯುವಾಗ ಗಾಡಾದ ಮೂಕಿ ಮೇಲಕ್ಕೇಳಲು ನೋಡುತ್ತದೆ. ಹೊಡೆಯುವವನು ಮುಂದಕ್ಕೆ ಬಾಗಿ ಅದನ್ನು ಒತ್ತಿ ಹಿಡಿಯುತ್ತಾನೆ. ವೇಗ ಕೂಡಿದ ಮೇಲೆ ಅದೇ ಭಾರ ಎತ್ತಿನ ಹೆಗಲಿಗೆ ಹೊರೆಯಾಗಬಾರದೆಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಎರಡೇ ಗಾಲಿಯ ಗಾಡಿಯಲ್ಲಿ ತೂಕದ ಸಮತೋಲ ನಿಂತಿರುವುದು ಅಚ್ಚಿನ ಮೇಲೆ. ಭಾರ ಮುಂದೆ ಹೆಚ್ಚಾದರೆ ನೊಗ ಕತ್ತನ್ನು ಒತ್ತುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳಪಟ್ಟಿ ಗಂಟಲನ್ನು ಬಿಗಿಯುತ್ತದೆ. ಒಳ್ಳೆಯ ಹೊಡೆಯುವವನ ಕೈಗಿಂತ ಅವನ ಪಾದಗಳನ್ನು ನೋಡಬೇಕು. ಎತ್ತು ಉಸಿರಾಡುವುದಕ್ಕೆ ಬಿಡುವವನು ಅವನೇ.

ಇದಕ್ಕಾಗಿ ಸಾಕುವ ಎತ್ತುಗಳಲ್ಲಿ ಕಿಲಾರಿ ತಳಿಗೆ ಹೆಚ್ಚಿನ ಮರ್ಯಾದೆ. ವಿಜಯಪುರ ಮತ್ತು ಮಹಾರಾಷ್ಟ್ರದ ಸೋಲಾಪುರ, ಸಾಂಗ್ಲಿ, ಸಾತಾರಾ ಸೀಮೆಯ ಈ ತಳಿ ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಗಟ್ಟಿ ಗೊರಸು ಮತ್ತು ಚುರುಕಿಗೆ ಹೆಸರಾದದ್ದು. ದಕ್ಷಿಣದ ಹಳ್ಳಿಕಾರ್, ಮೈಸೂರು ಅರಸರ ಕಾಲದಲ್ಲಿ ಸೈನ್ಯದ ಸಾಗಣೆಗೆ ಬೆಳೆಸಿದ ಅಮೃತಮಹಲ್ ಕೂಡ ಇದೇ ಬಗೆಯ ಓಟದ ತಳಿಗಳು. ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆಗೆ ಎತ್ತು ಸಾಕುವವರು ಕಡಿಮೆಯಾದರು. ಒಂದು ಜೋಡಿ ಎತ್ತಿಗೆ ವರ್ಷವಿಡೀ ಮೇವು, ಹಿಂಡಿ, ಹುರುಳಿ, ಹತ್ತಿಕಾಳು ಹೊಂದಿಸುವುದು ಸಣ್ಣ ಖರ್ಚಲ್ಲ. ಎಷ್ಟೋ ಮನೆಗಳಲ್ಲಿ ಒಳ್ಳೆಯ ಜೋಡಿ ಇನ್ನೂ ಉಳಿದಿರುವುದಕ್ಕೆ ಈ ಓಟವೇ ಕಾರಣ. ತಳಿಯ ಉಳಿವಿನ ದೃಷ್ಟಿಯಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಬಾಗಲಕೋಟೆ, ಬೆಳಗಾವಿ ಭಾಗದ ತೆರಬಂಡಿ ಸ್ಪರ್ಧೆ ಖಾಲಿ ಗಾಡಾ ಓಟಕ್ಕೆ ನೆಂಟ. ಅಲ್ಲಿ ವೇಗಕ್ಕಿಂತ ಎಳೆತದ ಬಲಕ್ಕೆ ಪ್ರಾಧಾನ್ಯ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು ಉತ್ತರ ಕರ್ನಾಟಕದಲ್ಲೆಲ್ಲ ಇರುವ ಆಚರಣೆ. ಯಾವ ಬಣ್ಣದ ಎತ್ತು ಮೊದಲು ಬಂತು ಎನ್ನುವುದರ ಮೇಲೆ ಆ ವರ್ಷ ಯಾವ ಬೆಳೆ ಚೆನ್ನಾಗಿ ಬರುತ್ತದೆಂದು ಹೇಳುತ್ತಾರೆ. ಅದು ಊರ ಅಗಸಿಯ ಆಟ, ಹೊಲದ್ದಲ್ಲ.

ನ್ಯಾಯಾಲಯದ ದಾರಿ

2014ರ ಮೇ 7ರಂದು ಸುಪ್ರೀಂ ಕೋರ್ಟು ಎ. ನಾಗರಾಜ ಪ್ರಕರಣದಲ್ಲಿ ತೀರ್ಪು ಕೊಟ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಆಧಾರ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. 2017ರ ಆರಂಭದಲ್ಲಿ ಚೆನ್ನೈನ ಮರೀನಾ ಕಡಲ ದಂಡೆಯಲ್ಲಿ ನಡೆದ ಜಲ್ಲಿಕಟ್ಟು ಪರ ಚಳವಳಿಯ ನಂತರ ತಮಿಳುನಾಡು ತನ್ನ ತಿದ್ದುಪಡಿ ತಂದಿತು. ಅದೇ ವರ್ಷ ಕರ್ನಾಟಕವೂ ಕಾಯ್ದೆಗೆ ತಿದ್ದುಪಡಿ ಮಾಡಿತು. ಹೆಚ್ಚಿನ ಚರ್ಚೆ ಕರಾವಳಿಯ ಕಂಬಳದ ಸುತ್ತ ನಡೆದರೂ ಆ ತಿದ್ದುಪಡಿ ಎತ್ತಿನ ಓಟ, ಎತ್ತಿನ ಗಾಡಿ ಓಟಗಳನ್ನೂ ಒಳಗೊಂಡಿದೆ. ಉತ್ತರ ಕರ್ನಾಟಕದ ಗಾಡಾಗಳಿಗೆ ದಾರಿ ತೆರೆದದ್ದು ಇದು. 2023ರ ಮೇ 18ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಐವರ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಅನುಮತಿ ಸಿಕ್ಕಿದ್ದು ಓಟಕ್ಕೆ, ಹಿಂಸೆಗಲ್ಲ. ಮೊಳೆ ಬಡಿದ ಕೋಲು, ಬಾಲ ತಿರುಚುವುದು, ಕಣ್ಣಿಗೆ ಖಾರ ಎರಚುವುದು ಮುಂತಾದವು ಎಲ್ಲಿ ನಡೆದರೂ ಅಪರಾಧವೇ. ಬಾರುಕೋಲನ್ನು ಪೂರ್ತಿ ಕೆಳಗಿಟ್ಟು, ಬರಿ ಕೂಗಿನಿಂದಲೇ ಜೋಡಿಯನ್ನು ಹುರಿದುಂಬಿಸಿ ಓಡಿಸುವವನು ಈ ಆಟದ ಮಾನವನ್ನು ಉಳಿಸುತ್ತಾನೆ. ಬಹುಮಾನ ಕೊಡುವ ಸಮಿತಿಗಳು ಇದನ್ನೇ ನಿಯಮವಾಗಿ ಬರೆಸಬೇಕು.

ಟ್ರ್ಯಾಕ್ಟರು, ಬೈಕು

ಗಾಡಾದ ಕಣಕ್ಕೆ ಟ್ರ್ಯಾಕ್ಟರ್ ಬಂದದ್ದು ಸಹಜ. ಎತ್ತಿಲ್ಲದ ಮನೆಯ ಹುಡುಗನಿಗೆ ತನ್ನ ಕೈಚಳಕ ತೋರಿಸಲು ಅದೊಂದೇ ದಾರಿ. ಇದರಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ಹಿಮ್ಮುಖ ಓಟ. ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರನ್ನು ರಿವರ್ಸ್ ಗೇರಿನಲ್ಲಿ ಗುರುತಿನ ಗೆರೆ ದಾಟದಂತೆ ಓಡಿಸಬೇಕು. ಟ್ರೇಲರ್ ಬಲಕ್ಕೆ ಹೋಗಬೇಕೆಂದರೆ ಸ್ಟಿಯರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು, ಅದು ತಿರುಗತೊಡಗಿದ ಕೂಡಲೇ ಅದರ ಹಿಂದೆ ಹೋಗುವಂತೆ ಮತ್ತೆ ತಿದ್ದಬೇಕು. ಒಂದು ಕ್ಷಣ ತಡವಾದರೆ ಟ್ರೇಲರ್ ಮಡಚಿಕೊಂಡು ಟ್ರ್ಯಾಕ್ಟರಿನ ಗಾಲಿಗೆ ಬಡಿಯುತ್ತದೆ. ನಾಲ್ಕು ಗಾಲಿಯ ಟ್ರೇಲರಿನಲ್ಲಿ ಎರಡು ಕಡೆ ಮಡಚುವುದರಿಂದ ಇನ್ನೂ ಕಷ್ಟ. ಮಾರುಕಟ್ಟೆಯ ಇಕ್ಕಟ್ಟಿನಲ್ಲಿ, ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ದಿನವೂ ಬೇಕಾಗುವ ಕೌಶಲ ಇದು. ಕಡಿಮೆ ವೇಗದ್ದಾದ್ದರಿಂದ ನೋಡುವವರಿಗೂ ಅಪಾಯ ಕಡಿಮೆ.

ಎರಡು ಟ್ರ್ಯಾಕ್ಟರುಗಳನ್ನು ಹಿಂದಿನಿಂದ ಸರಪಳಿಯಲ್ಲಿ ಬಿಗಿದು ಎದುರು ದಿಕ್ಕಿಗೆ ಎಳೆಸುವ ಜಗ್ಗಾಟವನ್ನು ಮಾತ್ರ ನಿಲ್ಲಿಸುವುದೇ ಸರಿ. ಹಿಂದಿನ ಗಾಲಿಗೆ ಹಿಡಿತ ಸಿಕ್ಕು, ಎಳೆತ ಮುಂದೆ ಸಾಗದಿದ್ದರೆ ಎಂಜಿನ್ನಿನ ಬಲ ಟ್ರ್ಯಾಕ್ಟರನ್ನೇ ಹಿಂದಿನ ಅಚ್ಚಿನ ಸುತ್ತ ಎತ್ತುತ್ತದೆ. ಮುಂದಿನ ಗಾಲಿ ನೆಲ ಬಿಟ್ಟ ಮೇಲೆ ಚಾಲಕನಿಗೆ ಉಳಿಯುವುದು ಒಂದು ಕ್ಷಣ ಮಾತ್ರ. ಟ್ರ್ಯಾಕ್ಟರ್ ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಕಡ್ಡಾಯ ಮಾಡಿತು. ನಮ್ಮ ಹೊಲಗಳಲ್ಲಿ ಕಾಣುವ ಟ್ರ್ಯಾಕ್ಟರುಗಳಲ್ಲಿ ಬಹುಪಾಲು ಇನ್ನೂ ಆ ಚೌಕಟ್ಟಿಲ್ಲದೆ, ಬಿಸಿಲಿಗೆ ಹಾಕಿಸಿಕೊಂಡ ತಗಡಿನ ಚಾವಣಿಯಲ್ಲೇ ಓಡುತ್ತಿವೆ.

ಬೈಕಿನ ಕಥೆ ಬೇರೆ. ಅದು ಹೊಲಕ್ಕೆ ಬಂದದ್ದು ಆಟವಾಗಿ ಮಾತ್ರವಲ್ಲ, ಎತ್ತಿನ ಬದಲಿಯಾಗಿಯೂ. ಹಳೆಯ ಮೋಟರ್ ಸೈಕಲ್ಲಿಗೆ ಎಡೆಕುಂಟೆ ಕಟ್ಟಿ ಸಾಲಿನ ನಡುವೆ ಹರಗುವುದು ಈಗ ಉತ್ತರ ಕರ್ನಾಟಕದಲ್ಲಿ ಕಾಣುವ ನೋಟ. ಈ ಜಾಡಿನಲ್ಲಿ ಮೊದಲಿಗರಾದವರು ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ. ಬರಗಾಲದಲ್ಲಿ ಎತ್ತು ಸಾಕಲಾರದ ರೈತರಿಗಾಗಿ ಅವರು 1990ರ ದಶಕದಲ್ಲಿ ಎನ್‌ಫೀಲ್ಡ್ ಬುಲೆಟ್ಟಿನ ಹಿಂದಿನ ಗಾಲಿ ತೆಗೆದು, ಎರಡು ಗಾಲಿಯ ಅಚ್ಚು ಕೂಡಿಸಿ, ಅದಕ್ಕೆ ಕುಂಟೆ, ಕೂರಿಗೆ ಜೋಡಿಸುವ ಬುಲೆಟ್ ಸಾಂತಿ ಎಂಬ ಯಂತ್ರ ಕಟ್ಟಿದರು. ಅದಕ್ಕೆ ಭಾರತದಲ್ಲೂ ಅಮೆರಿಕದಲ್ಲೂ ಪೇಟೆಂಟು ಸಿಕ್ಕಿತು. ನಮ್ಮ ನೆಲದಲ್ಲಿ ಹುಟ್ಟಿದ ಎಟಿವಿ ಯಾವುದು ಎಂದು ಕೇಳಿದರೆ ಇದನ್ನೇ ತೋರಿಸಬೇಕು.

ಎಟಿವಿ

ಕಾರ್ಖಾನೆಯಲ್ಲಿ ತಯಾರಾದ ಎಟಿವಿಯ ಚರಿತ್ರೆ 1970ರಲ್ಲಿ ಹೊಂಡಾ ಕಂಪನಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಮೂರು ಗಾಲಿಯ ವಾಹನದಿಂದ ಆರಂಭವಾಗುತ್ತದೆ. ಚಳಿಗಾಲದಲ್ಲಿ ಬೈಕುಗಳ ಮಾರಾಟ ಬೀಳುತ್ತದೆ, ಆಗಲೂ ಮಾರುವಂಥ ವಾಹನ ಬೇಕು ಎಂದು ಅಲ್ಲಿನ ಡೀಲರುಗಳು ಕೇಳಿದ್ದಕ್ಕೆ ಒಸಾಮು ತಕೆಯುಚಿ ಎಂಬ ಎಂಜಿನಿಯರ್ ಕಂಡುಕೊಂಡ ಉತ್ತರ ಅದು. ಅದರ ಪ್ರಾಣ ಇದ್ದದ್ದು ಉಬ್ಬಿದ, ಬಹಳ ಕಡಿಮೆ ಗಾಳಿಯ ಟಯರುಗಳಲ್ಲಿ. 1980ರ ದಶಕದ ಆರಂಭದಲ್ಲಿ ಸುಜುಕಿ ನಾಲ್ಕು ಗಾಲಿಯ ಮಾದರಿ ತಂದಿತು. ತಿರುವಿನಲ್ಲಿ ಸುಲಭವಾಗಿ ಮಗುಚುತ್ತಿದ್ದ ಮೂರು ಗಾಲಿಯ ವಾಹನಗಳು ಎಷ್ಟೋ ಮಕ್ಕಳ ಜೀವ ತೆಗೆದ ಮೇಲೆ, 1988ರಲ್ಲಿ ಅಮೆರಿಕದ ಸರ್ಕಾರ ಮತ್ತು ತಯಾರಕರ ನಡುವಿನ ಒಪ್ಪಂದದಿಂದ ಅವುಗಳ ಮಾರಾಟ ಅಲ್ಲಿ ನಿಂತಿತು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಕುರಿ ಮತ್ತು ದನ ಕಾಯುವವರಿಗೆ ನಾಲ್ಕು ಗಾಲಿಯ ಎಟಿವಿ ದಿನಬಳಕೆಯ ವಾಹನ. ಆಸ್ಟ್ರೇಲಿಯ 2021ರ ಅಕ್ಟೋಬರಿನಿಂದ ಹೊಸದಾಗಿ ಮಾರುವ ಸಾಮಾನ್ಯ ಬಳಕೆಯ ಎಟಿವಿಗಳಿಗೆ ಮಗುಚಿದಾಗ ಸವಾರನನ್ನು ಕಾಯುವ ಕಮಾನನ್ನು ಕಡ್ಡಾಯಗೊಳಿಸಿದೆ.

ಕಡಿಮೆ ಗಾಳಿಯ ಟಯರು ಯಾಕೆ ಮುಖ್ಯ ಎಂಬುದನ್ನು ಎರೆ ಹೊಲದ ಲೆಕ್ಕದಲ್ಲಿ ನೋಡಬಹುದು. ಕಾರಿನ ಟಯರಿನಲ್ಲಿ ಚದರ ಇಂಚಿಗೆ ಸುಮಾರು 30 ಪೌಂಡ್ ಒತ್ತಡದ ಗಾಳಿ ಇರುತ್ತದೆ, ಟ್ರ್ಯಾಕ್ಟರಿನ ಹಿಂದಿನ ಟಯರಿನಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟು. ಎಟಿವಿಯಲ್ಲಿ 5ರಿಂದ 7 ಪೌಂಡ್ ಸಾಕು. ಟಯರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಕಬ್ಬಿಣದ ಹಳಿ ಹಾಕಿದ ಚಕ್ಕಡಿಯ ಗಾಲಿ, ಹೇರು ತುಂಬಿದಾಗ, ಕಿರಿದಾದ ಪಟ್ಟಿಯ ಮೇಲೆ ಇವೆಲ್ಲಕ್ಕಿಂತ ಹೆಚ್ಚು ಒತ್ತುತ್ತದೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾದ ಪ್ರೊ. ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದವರು. ಹಳಿಯ ಗಾಲಿ ರಸ್ತೆಯನ್ನೂ ಎತ್ತಿನ ಹೆಗಲನ್ನೂ ಹಾಳು ಮಾಡುತ್ತದೆ ಎಂಬುದು ಅವರ ಕೆಲಸದ ಉದ್ದಕ್ಕೂ ಇದ್ದ ಕಾಳಜಿ.

ಆದರೆ ಟಯರಿನ ಒತ್ತಡ ಕೆಡಿಸುವುದು ಮೇಲಿನ ಗೇಣು ಮಣ್ಣನ್ನು. ಅದಕ್ಕೂ ಕೆಳಗಿನ ಮಣ್ಣು ಬಿಗಿಯುವುದು ಅಚ್ಚಿನ ಮೇಲಿನ ಒಟ್ಟು ಭಾರದಿಂದ. ಅಲ್ಲಿ ಅಗಲದ ಟಯರು ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಎಟಿವಿಯ ತೂಕ ಸಾಮಾನ್ಯವಾಗಿ 300–400 ಕಿಲೊ, ನಮ್ಮ ಊರುಗಳ ಟ್ರ್ಯಾಕ್ಟರ್ ಎರಡು ಟನ್ನಿನ ಆಸುಪಾಸು. ಸುಗ್ಗಿಯಲ್ಲಿ ಬಾಡಿಗೆಗೆ ಬರುವ ದೊಡ್ಡ ಕಟಾವು ಯಂತ್ರ ಅದರ ಹಲವು ಪಟ್ಟು ಭಾರ. ಹಾಗಾಗಿ ಹೊಲದ ಆರೋಗ್ಯದ ಪ್ರಶ್ನೆ ಬಂದಾಗ ಆಟದ ವಾಹನವನ್ನು ಮಾತ್ರ ದೂರುವುದು ತಪ್ಪು. ಗೋವಿನಜೋಳವನ್ನು ತೇವ ಆರುವ ಮುನ್ನ ಯಂತ್ರದಿಂದ ಕಟಾವು ಮಾಡಿಸಿದ ಹೊಲಕ್ಕೆ ಆಗುವ ಹಾನಿ, ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಎಟಿವಿ ಓಡಿಸಿದ ಹೊಲಕ್ಕೆ ಆಗುವ ಹಾನಿಗಿಂತ ಬಹಳ ದೊಡ್ಡದು. ಎಟಿವಿಯ ತೊಂದರೆ ಇರುವುದು ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಸುತ್ತುವುದರಲ್ಲಿ, ತಿರುವಿನಲ್ಲಿ ಗಾಲಿ ಜಾರಿಸಿ ಮಣ್ಣು ಎರಚುವುದರಲ್ಲಿ, ಒಡ್ಡುಗಳನ್ನು ಜಿಗಿತದ ದಿಬ್ಬವಾಗಿ ಬಳಸುವುದರಲ್ಲಿ.

ಸವಾರಿಯ ವಿಷಯದಲ್ಲಿ ಗಾಡಾ ಹೊಡೆಯುವವನ ಪಾಠ ಇಲ್ಲೂ ನಡೆಯುತ್ತದೆ. ಎಟಿವಿಯ ಗಾಲಿಗಳ ನಡುವಿನ ಅಂತರ ಕಡಿಮೆ, ಭಾರದ ಕೇಂದ್ರ ಎತ್ತರದಲ್ಲಿರುತ್ತದೆ. ತಿರುವಿನಲ್ಲಿ ಸವಾರ ಒಳಗಡೆಗೆ ವಾಲಬೇಕು, ಏರಿನಲ್ಲಿ ಮುಂದೆ ಸರಿಯಬೇಕು, ಇಳಿಜಾರಿನಲ್ಲಿ ಹಿಂದೆ. ಬೈಕಿನ ಅಭ್ಯಾಸದಿಂದ ಕಾಲು ಕೆಳಗಿಟ್ಟು ಆಧಾರ ಪಡೆಯಲು ಹೋದವನ ಪಾದ ಹಿಂದಿನ ಗಾಲಿಗೆ ಸಿಗುತ್ತದೆ. ಒಬ್ಬರಿಗೆಂದು ಮಾಡಿದ ವಾಹನದಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸಿದರೆ ಈ ಸರಿಯುವಿಕೆಗೆ ಜಾಗವೇ ಉಳಿಯುವುದಿಲ್ಲ. ಮಗುಚಲು ಅದೇ ಸಾಕು.

ಭಾರತದಲ್ಲಿ ಹೆಚ್ಚಿನ ಎಟಿವಿಗಳಿಗೆ ರಸ್ತೆಯ ನೋಂದಣಿ ಇಲ್ಲ, ಖಾಸಗಿ ನೆಲದಲ್ಲಿ ಮಾತ್ರ ಓಡಿಸಬಹುದು. ಪೊಲಾರಿಸ್ ಕಂಪನಿ ತನ್ನ ಸ್ಪೋರ್ಟ್ಸ್‌ಮನ್ 570 ಮಾದರಿಯನ್ನು ಕೃಷಿ ಟ್ರ್ಯಾಕ್ಟರ್ ವರ್ಗದಲ್ಲಿ ಅನುಮೋದನೆ ಪಡೆದು ರಸ್ತೆಗೂ ಸಲ್ಲುವಂತೆ ಮಾರಾಟಕ್ಕೆ ತಂದಿತ್ತು. ಅದರ ಬೆಲೆಗೆ ಸಾಧಾರಣ ಟ್ರ್ಯಾಕ್ಟರೇ ಬರುವಾಗ ಕುಂದಗೋಳದ ರೈತ ಯಾವುದನ್ನು ಆರಿಸುತ್ತಾನೆ ಎಂದು ಬೇರೆ ಹೇಳಬೇಕಿಲ್ಲ. ಹೊಸ ತಲೆಮಾರಿಗೆ ಎಟಿವಿಯ ಪರಿಚಯ ಮಾಡಿಸುತ್ತಿರುವ ಇನ್ನೊಂದು ದಾರಿ ಬಾಹಾ ಸ್ಪರ್ಧೆ. 1976ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2007ರಿಂದ ಭಾರತದಲ್ಲೂ ನಡೆಯುತ್ತಿರುವ ಇದರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಬ್ಬರು ಕೂರುವ ಕಚ್ಚಾ ನೆಲದ ವಾಹನವನ್ನು ತಾವೇ ವಿನ್ಯಾಸಗೊಳಿಸಿ ಕಟ್ಟುತ್ತಾರೆ. ಕರ್ನಾಟಕದ ಕಾಲೇಜುಗಳ ತಂಡಗಳೂ ಅದರಲ್ಲಿ ಸ್ಪರ್ಧಿಸುತ್ತವೆ.

ಕೊಯ್ಲಾದ ನೆಲದಲ್ಲಿ ಮೋಟರ್ ಕ್ರೀಡೆಗೆ ಕರ್ನಾಟಕದ ನಿಜವಾದ ಉದಾಹರಣೆ ಕೊಡಗು. ಗೋಣಿಕೊಪ್ಪಲು, ವಿರಾಜಪೇಟೆ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಬೇಸಿಗೆಯ ಮುಂಚೆ ಆಟೊಕ್ರಾಸ್ ನಡೆಸುತ್ತಾರೆ. ಬದುಗಳ ನಡುವೆ ಸುತ್ತುದಾರಿ ಗುರುತು ಮಾಡಿ, ಕಾರು, ಜೀಪುಗಳನ್ನು ಗಡಿಯಾರದ ಎದುರು ಬಿಡುತ್ತಾರೆ. ಖಾಲಿ ಗಾಡಾದ ಕ್ರಮವೂ ಇದೇ ಅಲ್ಲವೇ! ಅಲ್ಲಿನ ಗದ್ದೆ ಎರೆಯಷ್ಟು ಬಿರಿಯುವುದಿಲ್ಲ, ಮತ್ತೆ ನೀರು ಕಟ್ಟಿ ಕೆಸರು ಮಾಡಿಯೇ ನಾಟಿ ಮಾಡುವುದರಿಂದ ಮೇಲಿನ ಬಿಗಿತ ಅಷ್ಟಾಗಿ ಕಾಡುವುದೂ ಇಲ್ಲ. ಎರೆ ಸೀಮೆಯಲ್ಲಿ ಅದನ್ನೇ ಅನುಸರಿಸುವವರು ಈ ವ್ಯತ್ಯಾಸ ಮರೆಯಬಾರದು.

ಹೊಲದ ಅಪಾಯಗಳು

ಈ ಸೀಮೆಯಲ್ಲಿ ಗಾಡಿ ಓಡಿಸುವವರಿಗೆ ಬಿರುಕಿಗಿಂತ ದೊಡ್ಡ ಅಪಾಯ ಕೃಷಿ ಹೊಂಡ. 2014ರಲ್ಲಿ ರಾಜ್ಯ ಸರ್ಕಾರ ಕೃಷಿ ಭಾಗ್ಯ ಯೋಜನೆ ಆರಂಭಿಸಿದ ಮೇಲೆ, ಮತ್ತು ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ನಿನ ನೆರವಿನಿಂದಲೂ, ಧಾರವಾಡದ ಎರೆ ಹೊಲಗಳಲ್ಲಿ ಸಾಲು ಸಾಲು ಹೊಂಡಗಳು ಆದವು. ಮಳೆನೀರು ಹಿಡಿದಿಟ್ಟು ಹಿಂಗಾರಿ ಬೆಳೆಗೆ ಒಂದು ನೀರು ಕೊಡುವ ಈ ಹೊಂಡಗಳು ರೈತರಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಸುತ್ತಲ ಮಣ್ಣಿನ ಏರಿ ದೂರದಿಂದ ಬರಿ ದಿಬ್ಬದ ಹಾಗೆ ಕಾಣುತ್ತದೆ. ಅದನ್ನು ಹಾರಿಸುತ್ತೇನೆ ಎಂದು ವೇಗವಾಗಿ ಏರಿದವನು ಆಳದ ನೀರಿಗೆ ಬೀಳುತ್ತಾನೆ. ಜಾರುವ ಇಳಿಜಾರು ದಂಡೆ ಹಿಡಿದು ಮೇಲೆ ಬರುವುದು ಈಜು ಬಲ್ಲವನಿಗೂ ಕಷ್ಟ. ಆಟವಾಡುವ ಮಕ್ಕಳು ಇಂಥ ಹೊಂಡಗಳಿಗೆ ಬಿದ್ದು ಸತ್ತ ಸುದ್ದಿ ಪ್ರತಿ ವರ್ಷ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಬರುತ್ತಲೇ ಇದೆ. ಹೊಂಡಕ್ಕೆ ತಂತಿಬೇಲಿ ಹಾಕಿಸಿ, ಒಳಗೆ ಒಂದು ಗಂಟಿನ ಹಗ್ಗ ಇಳಿಬಿಡುವುದನ್ನು ಯಾರೂ ಮುಂದೂಡಬಾರದು.

ಇನ್ನೊಂದು ಬೆಂಕಿ. ಮಾರ್ಚಿನ ಬಿಸಿಲಿಗೆ ಒಣಗಿದ ಜೋಳದ ಎಲೆ, ಗೋಧಿಯ ಹುಲ್ಲು ಕಾದ ಸೈಲೆನ್ಸರಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಹೊತ್ತಿಕೊಳ್ಳುತ್ತದೆ. ಮಧ್ಯಾಹ್ನದ ಗಾಳಿಗೆ ಕಿಡಿ ಪಕ್ಕದ ಬಣವೆ ಮುಟ್ಟಲು ಹೊತ್ತು ಹಿಡಿಯುವುದಿಲ್ಲ. ಬಣವೆ ಸುಟ್ಟರೆ ಒಂದು ಮನೆಯ ದನಗಳಿಗೆ ವರ್ಷದ ಮೇವು ಹೋದಂತೆ. ಕೊಯ್ಲಾದ ಹೊಲ ದನ, ಕುರಿಗಳಿಗೆ ಮೇಯುವ ನೆಲವೂ ಹೌದು. ಬೇಸಿಗೆಯಲ್ಲಿ ಕುರಿಗಾರರು ಹೊಲಗಳಲ್ಲಿ ಹಟ್ಟಿ ಹಾಕಿ ಕುರಿ ತರಬುತ್ತಾರೆ, ಗೊಬ್ಬರಕ್ಕಾಗಿ ರೈತರು ಅವರನ್ನು ಕರೆದು ನಿಲ್ಲಿಸಿಕೊಳ್ಳುತ್ತಾರೆ. ಬಲೆಯೊಳಗಿನ ಮರಿಗಳ ಹತ್ತಿರ ಗದ್ದಲದ ವಾಹನ ತಿರುಗಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹೊಲದ ಮಾಲೀಕರ ಒಪ್ಪಿಗೆ ಪಡೆಯುವುದು ಎಲ್ಲಕ್ಕಿಂತ ಮೊದಲು. ಒಪ್ಪಿಗೆ ಸಿಕ್ಕರೂ ಒಡ್ಡುಗಳನ್ನು ಮುಟ್ಟಬಾರದು. ಇಳಿಜಾರಿಗೆ ಅಡ್ಡವಾಗಿ ಹಾಕಿದ ಆ ಒಡ್ಡು ಒಂದು ಕಡೆ ಒಡೆದರೆ ಮುಂಗಾರಿನ ಮೊದಲ ಜೋರು ಮಳೆಗೆ ಅಲ್ಲಿಂದ ಕೊರಕಲು ಬೀಳುತ್ತದೆ, ಕೆಳಗಿನ ಹೊಲದವರ ಮಣ್ಣೂ ಕೊಚ್ಚಿ ಹೋಗುತ್ತದೆ. ಪಂದ್ಯ ನಡೆದ ಪಟ್ಟಿಯನ್ನು ಉಳಿದ ಹೊಲದ ಜತೆ ಮೇಲೆ ಮೇಲೆ ಹರಗದೆ, ಅದೊಂದನ್ನೇ ಆಳವಾಗಿ ಉಳುಮೆ ಮಾಡಿಸಿ, ಅದರ ಬಾಡಿಗೆಯನ್ನು ಸಂಘಟಕರೇ ಕೊಡುವುದು ನ್ಯಾಯ. ಎರೆ ಮಣ್ಣಿಗೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಗುಣ ಒಂದಿಷ್ಟು ಇದೆ. ತೋಯ್ದು ಹಿಗ್ಗಿ, ಒಣಗಿ ಬಿರಿಯುತ್ತ ಮೇಲಿನ ಬಿಗಿತ ಕೆಲವು ಹಂಗಾಮುಗಳಲ್ಲಿ ಸಡಿಲವಾಗುತ್ತದೆ. ಮೊಳದ ಕೆಳಗೆ, ನೇಗಿಲು ಸರಿಯಾಗಿ ತಲುಪದ ಆಳದಲ್ಲಿ ಬಿಗಿದ ಮಣ್ಣು ಮಾತ್ರ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.